ಮಾತಾಡಿದವರ ಹೆಸರು

ಕರಿಹಲಗೆಯ ಎಡಗಡೆ ಮೂಲೆ ನಿಮಗೆ ನೆನಪಿರಬೇಕು. ಮೇಷ್ಟ್ರು ಆಫೀಸು ರೂಮಿಗೆ ಹೋದ ಕೂಡಲೇ ಲೀಡರ್ ಎದ್ದು ಬಂದು, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ‘ಮಾತಾಡಿದವರು’ ಎಂದು ಬರೆಯುತ್ತಿದ್ದ ಜಾಗ ಅದು. ಅದರ ಕೆಳಗೆ ಒಂದೊಂದೇ ಹೆಸರು. ಇನ್ನೊಂದು ಸಲ ತುಟಿ ಅಲ್ಲಾಡಿದರೆ ಹೆಸರಿನ ಮುಂದೆ ಒಂದು ಇಂಟು ಮಾರ್ಕು. ಎಷ್ಟು ಇಂಟೋ ಅಷ್ಟು ಏಟು. ಲೀಡರಿಗೆ ಒಂದು ಸೀಬೆಕಾಯಿಯೋ ಚೂರು ಹುಣಸೆಹಣ್ಣೋ ಕೊಟ್ಟರೆ ಹೆಸರು ಅಳಿಸಿಹೋಗುವುದೂ ಉಂಟು.

ಆ ಪಟ್ಟಿಯನ್ನು ನೆನೆಸಿಕೊಂಡು ನಾವೆಲ್ಲ ಈಗ ನಗುತ್ತೇವೆ. ಆದರೆ ಆ ಮೂಲೆ ಮಕ್ಕಳಿಗೆ ದಿನವೂ ಪಾಠ ಹೇಳುತ್ತಿತ್ತು. ಬಾಯಿ ಮುಚ್ಚಿ ಕೂತವನೇ ಒಳ್ಳೆಯವನು ಅನ್ನುವುದು ಒಂದು ಪಾಠ. ಗೆಳೆಯನ ತಪ್ಪು ಹಿಡಿದುಕೊಟ್ಟರೆ ದೊಡ್ಡವರಿಗೆ ಹತ್ತಿರವಾಗಬಹುದು ಅನ್ನುವುದು ಇನ್ನೊಂದು. ಸೀಬೆಕಾಯಿ ಕೊಟ್ಟರೆ ನ್ಯಾಯ ಬದಲಾಗುತ್ತದೆ ಅನ್ನುವುದು ಮೂರನೆಯದು. ಮಗ್ಗಿ ಮರೆತವರೂ ಈ ಮೂರು ಪಾಠ ಮರೆತಿಲ್ಲ.

ಇದನ್ನು ಬರೆಯುವುದಕ್ಕೆ ನನ್ನ ಅಕ್ಕನ ಮಗಳು ಕಾರಣ. ಅಕ್ಕನನ್ನು ಕೊಟ್ಟಿರುವುದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿಗೆ. ಅಲ್ಲಿರುವುದು ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆ. ಇಬ್ಬರು ಶಿಕ್ಷಕರು, ಮೂವತ್ತರೊಳಗೆ ಮಕ್ಕಳು. ಹುಡುಗಿಗೆ ಮಾತಿನಲ್ಲಿ ಸ್ವಲ್ಪ ಉಗ್ಗು ಇದೆ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಉಳಿದದ್ದು ಸರಾಗವಾಗಿ ಬರುತ್ತದೆ. ಮನೆಯಲ್ಲಿ ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಶಾಲೆಯಲ್ಲಿ ಮಾತ್ರ ಅವಳಿಗೆ ‘ಉಗ್ಗಿ’ ಅಂತ ಹೆಸರು ಬಿತ್ತು. ಅವಳು ಬಾಯಿ ತೆರೆದರೆ ಸಾಕು, ಹಿಂದಿನಿಂದ ಅದೇ ರಾಗದಲ್ಲಿ ಅಣಕ.

ಎರಡನೇ ಕ್ಲಾಸು ಮುಗಿಯುವ ಹೊತ್ತಿಗೆ ಅವಳು ಶಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟಳು. ಕರಿಹಲಗೆಯ ಪಟ್ಟಿಯಲ್ಲಿ ಅವಳ ಹೆಸರು ಒಂದು ದಿನವೂ ಬೀಳಲಿಲ್ಲ. ‘ನಿಮ್ಮ ಹುಡುಗಿದು ಏನೂ ತೊಂದ್ರೆ ಇಲ್ಲ ಕಣಮ್ಮ, ಬಲು ಒಳ್ಳೇದು, ಒಂದು ಮಾತೂ ಆಡಲ್ಲ’ ಎಂದು ಅಕ್ಕನಿಗೆ ಶಾಲೆಯಿಂದ ಹೊಗಳಿಕೆ ಬಂತು. ಇತ್ತ ಮನೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಮುಂದಿನ ವರ್ಷ ಇವಳನ್ನು ಬಿಡಿಸಿ ಪಟ್ಟಣದ ಕಾನ್ವೆಂಟಿಗೆ ವ್ಯಾನಿನಲ್ಲಿ ಕಳಿಸುವುದು ಅಂತ ಭಾವ ತೀರ್ಮಾನ ಮಾಡಿದ್ದರು. ಅಷ್ಟು ಸಣ್ಣ ಶಾಲೆಯಲ್ಲಿ ಒಂದೊಂದು ಮಗು ಕಮ್ಮಿಯಾದಾಗಲೂ ಊರಿಗೆ ಒಂದು ಭಯ ಹುಟ್ಟುತ್ತದೆ. ಶಾಲೆ ಉಳಿಯುತ್ತದೋ ಇಲ್ಲವೋ ಅನ್ನುವ ಭಯ ಅದು.

ಆ ಬೇಸಿಗೆ ರಜೆ ಕಳೆದು ಶಾಲೆ ಶುರುವಾಗುವಾಗ ವರ್ಗಾವಣೆಯಾಗಿ ಒಬ್ಬರು ಹೊಸ ಮೇಡಂ ಬಂದರು. ‘ಇನ್ನು ಮೂರು ತಿಂಗಳು ನೋಡಿ, ಆಮೇಲೆ ಬಿಡಿಸ್ಕೊಳ್ಳಿ’ ಅಂತ ಭಾವನನ್ನು ಒಪ್ಪಿಸಿದವರು ಅವರೇ. ವರದಿಗೆಂದು ಆ ಕಡೆ ಹೋದಾಗಲೆಲ್ಲ ನಾನು ಅವರ ತರಗತಿಯ ಹಿಂದೆ ಗೋಡೆಗೊರಗಿ ಕೂತು ನೋಡಿದ್ದೇನೆ. ಅಲ್ಲಿ ನಡೆದ ಕೆಲಸಕ್ಕೆ ದುಡ್ಡು ಬೇಕಿರಲಿಲ್ಲ, ಹೊಸ ಕಟ್ಟಡ ಬೇಕಿರಲಿಲ್ಲ. ಯಾವ ಶಾಲೆಯಲ್ಲಾದರೂ ಆಗುವಂಥ ಕೆಲಸ. ಅದಕ್ಕೇ ನಿಮಗೆ ಹೇಳಬೇಕು ಅನ್ನಿಸಿತು.

ಅವರು ಮೊದಲು ಹಿಡಿದದ್ದು ಹೆಸರನ್ನು. ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಮೇಡಂ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಬ್ಬೊಬ್ಬರನ್ನೂ ಅವರವರ ಹೆಸರು ಹಿಡಿದು ಕರೆದು ಒಂದು ಮಾತು. ‘ನಿಮ್ಮನೆ ಕರು ಎದ್ದು ನಿಂತ್ಕೊಳ್ತಾ?’ ‘ಕೆಮ್ಮು ಕಮ್ಮಿ ಆಯ್ತಾ?’ ‘ಅಮ್ಮ ಊರಿಂದ ಬಂದ್ರಾ?’ ಇಷ್ಟೇ. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಅಡ್ಡಹೆಸರಿಗೇನು ಬರ. ಕುಂಟ, ಡುಮ್ಮಿ, ಕರಿಯ, ಸೊಟ್ಟಮೂತಿ. ಕೆಲವು ಮಕ್ಕಳನ್ನು ಅವರ ಕೇರಿಯ ಹೆಸರು ಹಿಡಿದೇ ಕರೆಯುತ್ತಾರೆ. ಅದು ಬರೀ ತಮಾಷೆ ಅಲ್ಲ ಅಂತ ಕರೆಸಿಕೊಂಡವರಿಗೆ ಗೊತ್ತು. ಮೇಡಂ ಯಾರಿಗೂ ಬೈಯಲಿಲ್ಲ. ಯಾರಾದರೂ ಅಡ್ಡಹೆಸರು ಕೂಗಿದರೆ, ‘ಅವನ ಹೆಸರು ನಂಗೆ ಮರೆತುಹೋಯ್ತು, ಏನು ಹೇಳು?’ ಅಂತ ಕೇಳುತ್ತಿದ್ದರು. ಕೂಗಿದ ಮಗುವೇ ನಿಜ ಹೆಸರು ಹೇಳಬೇಕಾಗುತ್ತಿತ್ತು.

ಮಕ್ಕಳಿಗಿಂತ ಮೊದಲು ದೊಡ್ಡವರ ಮಾತು ಬದಲಾಗಬೇಕಿತ್ತು. ಬಿಸಿಯೂಟ ಮಾಡುವವರನ್ನು ಎಲ್ಲರೂ ‘ಏ ಬಾರಮ್ಮ ಇಲ್ಲಿ’ ಅನ್ನುತ್ತಿದ್ದರು. ಹೊಸ ಮೇಡಂ ‘ಅಕ್ಕ’ ಅಂದರು. ತಿಂಗಳು ಕಳೆಯುವುದರೊಳಗೆ ಹೆಡ್ ಮೇಷ್ಟ್ರೂ ‘ಅಕ್ಕ’ ಅನ್ನತೊಡಗಿದರು. ಮಕ್ಕಳು ಅದನ್ನು ಯಾರೂ ಹೇಳಿಕೊಡದೆ ಕಲಿತರು.

ನಿಯಮಗಳ ವಿಷಯವೂ ಹೀಗೆಯೇ. ಗೋಡೆಯ ಮೇಲೆ ಹಿಂದಿನಿಂದಲೂ ಒಂದು ಪಟ್ಟಿ ಇತ್ತು. ಗಲಾಟೆ ಮಾಡಬಾರದು, ಓಡಬಾರದು, ಉಗುಳಬಾರದು, ತಡವಾಗಿ ಬರಬಾರದು. ಎಲ್ಲವೂ ‘ಬಾರದು’. ಏನು ಮಾಡಬೇಕು ಅನ್ನುವುದು ಒಂದೂ ಇಲ್ಲ. ಎರಡನೇ ವಾರ ಮೇಡಂ ಮಕ್ಕಳನ್ನು ಬೇವಿನ ಮರದ ಕೆಳಗೆ ಕೂರಿಸಿ, ‘ಶಾಲೆಯಲ್ಲಿ ನಿಮಗೆ ಬೇಜಾರಾಗೋದು ಯಾವಾಗ?’ ಅಂತ ಕೇಳಿದರು. ನಲ್ಲಿ ಹತ್ತಿರ ತಳ್ಳಿದಾಗ. ರಬ್ಬರ್ ಕದ್ದಾಗ. ಆಟಕ್ಕೆ ಸೇರಿಸಿಕೊಳ್ಳದಾಗ. ಓದುವಾಗ ತಪ್ಪಾದರೆ ನಕ್ಕಾಗ. ಇದಿಷ್ಟೂ ಬೋರ್ಡಿನ ಮೇಲೆ ಬಂತು. ಆಮೇಲೆ ಒಂದೊಂದನ್ನೂ ತಿರುಗಿಸಿ ಬರೆಸಿದರು. ‘ನಲ್ಲಿ ಹತ್ತಿರ ಚಿಕ್ಕವರನ್ನು ಮುಂದೆ ಬಿಡೋಣ.’ ‘ಬೇಕಾದ್ದನ್ನು ಕೇಳಿ ತಗೊಳ್ಳೋಣ.’ ‘ಒಬ್ಬರೇ ಕೂತವರನ್ನು ಆಟಕ್ಕೆ ಕರೆಯೋಣ.’ ‘ಮಾತಾಡುವವರ ಮಾತು ಮುಗಿಯೋವರೆಗೂ ಕಾಯೋಣ.’ ಐದೇ ಮಾತು. ಐದನೆಯದು ‘ಅವರವರ ಹೆಸರಿನಿಂದಲೇ ಕರೆಯೋಣ’. ಬರೆದದ್ದು ಮಕ್ಕಳ ಕೈಬರಹದಲ್ಲೇ.

ಇನ್ನು ಆ ಎಡಗಡೆ ಮೂಲೆ. ಮೇಡಂ ಅಲ್ಲಿದ್ದ ‘ಮಾತಾಡಿದವರು’ ಅಳಿಸಿ, ‘ಇವತ್ತು ನೆರವಾದವರು’ ಎಂದು ಬರೆದರು. ಕೇಳಲು ಚೆನ್ನಾಗಿದೆ, ಆದರೆ ಮೊದಲ ವಾರ ಅದು ಸರಿಹೋಗಲಿಲ್ಲ. ಮಕ್ಕಳು ಜಾಣರು. ಹೆಸರು ಬರೆಸಿಕೊಳ್ಳುವುದಕ್ಕೆಂದೇ ಬೇಡದವರ ಬ್ಯಾಗನ್ನೂ ಎಳೆದುಕೊಂಡು ಹೊತ್ತರು. ‘ಮಿಸ್, ನಾನು ನೀರು ಕೊಟ್ಟೆ, ನನ್ನ ಹೆಸರು ಬರೀರಿ’ ಅಂತ ಗಲಾಟೆ. ಚುರುಕಾಗಿದ್ದ ನಾಲ್ಕು ಮಕ್ಕಳ ಹೆಸರೇ ದಿನವೂ ಬಂತು. ಸೀಬೆಕಾಯಿ ವ್ಯಾಪಾರ ಬೇರೆ ರೂಪದಲ್ಲಿ ಮತ್ತೆ ಶುರುವಾಯಿತು ಅನ್ನಿ.

ಮೇಡಂ ಅದನ್ನು ಎರಡು ಸಲ ತಿದ್ದಿದರು. ಮೊದಲು, ಯಾರೂ ತನ್ನ ಹೆಸರು ತಾನು ಹೇಳುವಂತಿಲ್ಲ, ನೆರವು ಪಡೆದವರು ಹೇಳಬೇಕು ಅಂದರು. ಆಮೇಲೆ, ದೀಪಾವಳಿ ಕಳೆದ ಮೇಲೆ, ಬರೆಯುವುದನ್ನೇ ನಿಲ್ಲಿಸಿದರು. ಅದರ ಬದಲು ಸಂಜೆ ಗಂಟೆ ಹೊಡೆಯುವ ಮುಂಚೆ ಐದು ನಿಮಿಷ ಎಲ್ಲರೂ ಸುತ್ತ ಕೂತು, ‘ಇವತ್ತು ನನಗೆ ಯಾರಿಂದ ಒಳ್ಳೆಯದಾಯಿತು’ ಅಂತ ಹೇಳುವುದು. ಹೇಳಲೇಬೇಕೆಂದಿಲ್ಲ. ಬಹುಮಾನವಿಲ್ಲ, ಚಪ್ಪಾಳೆ ಇಲ್ಲ. ‘ಬಹುಮಾನಕ್ಕೋಸ್ಕರ ನೆರವಾಗೋ ಮಗು ಬಹುಮಾನ ನಿಂತ ದಿನ ನೆರವನ್ನೂ ನಿಲ್ಲಿಸುತ್ತೆ’ ಎನ್ನುವುದು ಅವರ ಅನುಭವದ ಮಾತು.

ಜಗಳಗಳು ನಿಂತವು ಅಂತ ತಿಳಿಯಬೇಡಿ. ಮಕ್ಕಳಿರುವ ಕಡೆ ಜಗಳ ಇರಲೇಬೇಕು. ಒಂದು ದಿನ ನನ್ನ ಕಣ್ಣೆದುರೇ ಐದನೇ ಕ್ಲಾಸಿನ ಹುಡುಗನೊಬ್ಬ ನಾಲ್ಕನೇ ಕ್ಲಾಸಿನವನ ಜಾಮಿಟ್ರಿ ಬಾಕ್ಸನ್ನು ಕಿಟಕಿಯಿಂದ ಎಸೆದ. ಹಿಂದೆಯಾಗಿದ್ದರೆ ಬೆನ್ನಿಗೆರಡು ಬಿದ್ದು ಕತೆ ಮುಗಿಯುತ್ತಿತ್ತು. ಮೇಡಂ ಇಬ್ಬರನ್ನೂ ಹೊರಗೆ ಜಗಲಿಯ ಮೇಲೆ ಕೂರಿಸಿ ಮೂರೇ ಪ್ರಶ್ನೆ ಕೇಳಿದರು. ಏನಾಯ್ತು? ಇದರಿಂದ ಯಾರಿಗೆ ನೋವಾಯ್ತು? ಈಗ ಇದನ್ನ ಹೇಗೆ ಸರಿಮಾಡ್ತೀಯ? ಮೊದಲನೆಯದಕ್ಕೇ ಹತ್ತು ನಿಮಿಷ ಹಿಡಿಯಿತು. ಚಿಕ್ಕವನು ದೊಡ್ಡವನ ಅಪ್ಪನ ಕುಡಿತದ ಬಗ್ಗೆ ಆಡಿಕೊಂಡಿದ್ದ ಅನ್ನುವುದು ಹೊರಬಿತ್ತು. ಕೊನೆಗೆ ದೊಡ್ಡವನು ಹೋಗಿ ಬೇಲಿ ಸಂದಿಯಿಂದ ಕೈವಾರ, ಸ್ಕೇಲು ಎಲ್ಲ ಹೆಕ್ಕಿ ತಂದು, ಸೊಟ್ಟಗಾಗಿದ್ದ ಡಬ್ಬಿಯ ಮುಚ್ಚಳವನ್ನು ಕಲ್ಲಿನಲ್ಲಿ ತಟ್ಟಿ ನೆಟ್ಟಗೆ ಮಾಡಿಕೊಟ್ಟ. ಚಿಕ್ಕವನು ಆಡಿದ ಮಾತಿಗೆ ತಾನೂ ಏನಾದರೂ ಮಾಡಬೇಕಿತ್ತು. ಮರುದಿನ ತನ್ನ ಪಕ್ಕ ಅವನಿಗೆ ಊಟಕ್ಕೆ ಜಾಗ ಹಿಡಿದಿಟ್ಟ. ಏಟು ಬಿದ್ದಿದ್ದರೆ ಡಬ್ಬಿ ಸೊಟ್ಟಗೇ ಇರುತ್ತಿತ್ತು, ಅಪ್ಪನ ಕುಡಿತದ ಮಾತು ಹುಡುಗನ ಎದೆಯಲ್ಲೇ ಇರುತ್ತಿತ್ತು.

ಊಟದ ಸಾಲಿನಲ್ಲೂ ಬದಲಾವಣೆ ಬಂತು. ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ದಿನ, ಬೇಡ ಅನ್ನುವವರಿಗೆ ಬಾಳೆಹಣ್ಣು ಇರುತ್ತದೆ. ಮೊಟ್ಟೆಯವರು ಒಂದು ಸಾಲು, ಬಾಳೆಹಣ್ಣಿನವರು ಇನ್ನೊಂದು ಸಾಲು ಅಂತ ಅಲ್ಲಿ ತನ್ನಿಂದ ತಾನೇ ಆಗಿಹೋಗಿತ್ತು. ಆ ಎರಡು ಸಾಲು ಏನನ್ನು ಹೇಳುತ್ತವೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಡಂ ಸಾಲುಗಳನ್ನು ತೆಗೆದು, ಒಂದನೇ ಕ್ಲಾಸಿನ ಮಗು ಒಂದು, ಐದನೇ ಕ್ಲಾಸಿನ ಮಗು ಒಂದು ಹೀಗೆ ಜೋಡಿ ಮಾಡಿ ಕೂರಿಸಿದರು. ದೊಡ್ಡವರು ಚಿಕ್ಕವರ ಕೈ ತೊಳೆಸಬೇಕು, ತಟ್ಟೆಗೆ ಅನ್ನ ಸಾಕೋ ಬೇಕೋ ನೋಡಬೇಕು. ಯಾರ ತಟ್ಟೆಯಲ್ಲಿ ಮೊಟ್ಟೆ ಇದೆ, ಯಾರದರಲ್ಲಿ ಬಾಳೆಹಣ್ಣಿದೆ ಅನ್ನುವುದು ಬರೀ ಊಟದ ವಿಷಯವಾಗಿ ಉಳಿಯಿತು.

ಇದ್ಯಾವುದೂ ಹೊಸದಾಗಿ ಕಂಡುಹಿಡಿದದ್ದಲ್ಲ. ನಮ್ಮ ರಾಜ್ಯದ ನಲಿಕಲಿಯನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಶುರುವಾದ ಪದ್ಧತಿ ಅದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಅದರಲ್ಲಿ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗಳಲ್ಲಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರು ಕಲಿಸಿದರೆ, ಇನ್ನೊಂದು ಗುಂಪಿನಲ್ಲಿ ಜೊತೆಯ ಮಕ್ಕಳೇ ಕಲಿಸುತ್ತಾರೆ. ಮಗುವಿನ ಕೈಗೆಟಕುವಷ್ಟು ಕೆಳಗೆ ಗೋಡೆಯುದ್ದಕ್ಕೂ ಕಪ್ಪು ಹಲಗೆ. ಮಾತಾಡದೆ ನಲಿಕಲಿ ನಡೆಯುವುದೇ ಇಲ್ಲ. ಅಂಥ ತರಗತಿಯ ಬೋರ್ಡಿನಲ್ಲಿ ‘ಮಾತಾಡಿದವರು’ ಎಂದು ಬರೆಯುವುದು ಅಂದರೆ, ಹೊಲಕ್ಕೆ ನೀರು ಬಿಟ್ಟು ಒದ್ದೆಯಾಯಿತಲ್ಲ ಅಂತ ಬೈದ ಹಾಗೆ.

ಜಪಾನಿನ ತೆತ್ಸುಕೊ ಕುರೊಯಾನಗಿ ಬರೆದ ‘ತೊತ್ತೊ-ಚಾನ್’ ಕನ್ನಡದಲ್ಲೂ ಸಿಗುತ್ತದೆ. ತುಂಟಿ ಅಂತ ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಪುಟ್ಟ ಹುಡುಗಿ ಟೋಕಿಯೋದ ಇನ್ನೊಂದು ಶಾಲೆಗೆ ಬರುತ್ತಾಳೆ. ಅಲ್ಲಿನ ಹೆಡ್ ಮೇಷ್ಟ್ರು ಕೊಬಯಾಶಿ ಮೊದಲ ದಿನವೇ ಅವಳ ಎದುರು ಕೂತು ನಾಲ್ಕು ಗಂಟೆ ಹೊತ್ತು ಅವಳ ಮಾತು ಕೇಳುತ್ತಾರೆ. ಅದು ಲೇಖಕಿಯ ಸ್ವಂತ ಬಾಲ್ಯದ ಕತೆ. ನಿಮ್ಮೂರಿನ ಶಾಲೆಯಲ್ಲಿ ಅಥವಾ ಪಂಚಾಯಿತಿ ಗ್ರಂಥಾಲಯದಲ್ಲಿ ಸಿಕ್ಕರೆ ಓದಿ.

ನನ್ನ ಅಕ್ಕನ ಮಗಳಿಗೆ ಯಾರೂ ನಾಲ್ಕು ಗಂಟೆ ಕೊಡಲಿಲ್ಲ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅದು ಆಗುವ ಮಾತೂ ಅಲ್ಲ. ಮೇಡಂ ಮಾಡಿದ್ದು ಇಷ್ಟು. ಅವಳು ಮಾತು ಶುರುಮಾಡಿ ನಿಂತಾಗ ಉಳಿದ ಶಬ್ದವನ್ನು ತಾವು ಹೇಳಿ ಮುಗಿಸಲಿಲ್ಲ, ಬೇರೆ ಮಕ್ಕಳಿಗೂ ಮುಗಿಸಲು ಬಿಡಲಿಲ್ಲ. ‘ನಿಧಾನಕ್ಕೆ ಹೇಳು’ ಅಂತಲೂ ಅನ್ನಲಿಲ್ಲ. ಸುಮ್ಮನೆ ಅವಳ ಮುಖ ನೋಡುತ್ತಾ ಕಾದರು. ಉಗ್ಗುವವರಿಗೆ ಹಾಡುವಾಗ, ಎಲ್ಲರೂ ಒಟ್ಟಿಗೆ ಓದುವಾಗ ಮಾತು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ದಿನವೂ ಒಂದು ಪಾಠವನ್ನು ಇಡೀ ತರಗತಿ ಒಟ್ಟಾಗಿ ಓದುವ ರೂಢಿ ಮಾಡಿದರು. ಆಮೇಲೆ ಒಂದನೇ ಕ್ಲಾಸಿನ ಒಂದು ಮಗುವಿಗೆ ಅಕ್ಷರ ಹೇಳಿಕೊಡುವ ಕೆಲಸ ಇವಳಿಗೆ ಬಂತು. ಆ ಮಗುವಿಗೆ ಇವಳೇ ಟೀಚರ್. ಟೀಚರ್ ಹೇಗೆ ಮಾತಾಡುತ್ತಾಳೆ ಅಂತ ಅದು ಯೋಚಿಸಲೇ ಇಲ್ಲ.

ಕಾರ್ತಿಕ ಮಾಸದಲ್ಲಿ ಒಂದು ಸಂಜೆ ಸುತ್ತ ಕೂತಾಗ ಅವಳು ಕೈ ಎತ್ತಿದಳಂತೆ. ಜಾಮಿಟ್ರಿ ಬಾಕ್ಸ್ ಎಸೆದ ಅದೇ ದೊಡ್ಡ ಹುಡುಗನ ಹೆಸರು ಹೇಳುವುದಕ್ಕೆ. ಅವನ ಹೆಸರಿನ ಮೊದಲ ಅಕ್ಷರ ಬರಲು ತುಂಬ ಹೊತ್ತಾಯಿತು. ಯಾರೂ ನಗಲಿಲ್ಲ. ನಲ್ಲಿ ಹತ್ತಿರ ತನಗೆ ದಾರಿ ಬಿಡಿಸಿಕೊಟ್ಟ ಅಂತ ಅವಳು ಹೇಳಿ ಮುಗಿಸಿದಾಗ ಆ ಹುಡುಗ ತಲೆ ತಗ್ಗಿಸಿ ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಿದ್ದನಂತೆ. ಉಗ್ಗು ಇನ್ನೂ ಇದೆ. ಸೋಮವಾರದ ಹೊಟ್ಟೆನೋವು ಹೋಗಿದೆ. ವ್ಯಾನಿನ ಮಾತನ್ನು ಭಾವ ಮತ್ತೆ ಎತ್ತಿಲ್ಲ.

ಊರು ಇದನ್ನೆಲ್ಲ ಸುಲಭವಾಗಿ ಒಪ್ಪಲಿಲ್ಲ. ‘ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಬಾರಿಸಿ ಮೇಷ್ಟ್ರೇ’ ಅಂತ ಮಗುವನ್ನು ಒಪ್ಪಿಸಿ ಬರುವುದು ನಮ್ಮಲ್ಲಿ ಗೌರವದ ಮಾತು. ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬ ಅಜ್ಜ ಎದ್ದು, ‘ಏಟು ತಿಂದೇ ನಾವೆಲ್ಲ ಮನುಷ್ಯರಾಗಿದ್ದು. ಹಿಂಗೆ ಮುದ್ದು ಮಾಡಿದ್ರೆ ನಾಳೆ ನಮ್ಮ ತಲೆ ಮೇಲೆ ಕೂರ್ತವೆ’ ಅಂದರು. ಹೆಡ್ ಮೇಷ್ಟ್ರು ಕಾನೂನು ಹೇಳಿದರು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವುದಷ್ಟೇ ಅಲ್ಲ, ಮಾನಸಿಕ ಹಿಂಸೆ ಕೊಡುವುದೂ ನಿಷಿದ್ಧ. ಮೀರಿದ ಶಿಕ್ಷಕರ ಮೇಲೆ ಇಲಾಖೆ ಶಿಸ್ತುಕ್ರಮ ತೆಗೆದುಕೊಳ್ಳಬೇಕು. ಕಾನೂನಿನ ಮಾತಿಗೆ ಸಭೆ ಅಷ್ಟಾಗಿ ಅಲುಗಾಡಲಿಲ್ಲ.

ಆಗ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬರು ಮಾತಾಡಿದರು. ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕೆ ಹೋಗುವವರು, ಸಭೆಗೆ ಬಂದದ್ದೇ ಅಪರೂಪ. ‘ಏಟು ತಿಂದು ಮುಂದಕ್ಕೆ ಬಂದೋರು ಮಾತಾಡ್ತಾ ಇದ್ದೀರ ಅಜ್ಜ. ನಾನು ಏಟು ತಿಂದು ನಾಲ್ಕನೇ ಕ್ಲಾಸಿಗೇ ಬಿಟ್ಟೋನು. ನನ್ನಂಥೋರು ಈ ಊರಲ್ಲಿ ಇನ್ನೂ ಆರು ಜನ ಇದ್ದೀವಿ. ನಮ್ಮನ್ನ ಯಾರೂ ಕೇಳಲ್ಲ’ ಅಂದರು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ಅಜ್ಜ ವಾದ ಮಾಡಲಿಲ್ಲ, ‘ಕೂತ್ಕಳಪ್ಪ’ ಅಂತ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಗೆದ್ದವರ ಕತೆಯನ್ನಷ್ಟೇ ಕೇಳಿ ಬೆತ್ತವನ್ನು ಹೊಗಳುವುದು ನಮ್ಮ ರೂಢಿ. ಬೆತ್ತಕ್ಕೆ ಹೆದರಿ ಬಾಗಿಲು ದಾಟಿ ಹೋದವರ ಲೆಕ್ಕವನ್ನು ಯಾವ ರಿಜಿಸ್ಟರಿನಲ್ಲೂ ಬರೆದಿಟ್ಟಿಲ್ಲ.

ಶಿಕ್ಷಕರ ಕಷ್ಟವನ್ನೂ ಹೇಳಬೇಕು. ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ, ಚುನಾವಣೆ ಡ್ಯೂಟಿ, ಇವೆಲ್ಲದರ ನಡುವೆ ಎರಡು ಜನ ಐದು ತರಗತಿ ನೋಡಬೇಕು. ಒಂದು ದಿನ ಮೇಡಂ ಸುಸ್ತಾಗಿ ಇಡೀ ಕ್ಲಾಸಿಗೆ ಕಿರುಚಿದರು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ನಿನ್ನೆ ನಾನು ಹಾಗೆ ಕೂಗಬಾರದಿತ್ತು’ ಅಂತ ಮಕ್ಕಳಿಗೆ ಹೇಳಿದರಂತೆ. ಐದು ನಿಯಮಗಳಲ್ಲಿ ಇಲ್ಲದ ಪಾಠವೊಂದನ್ನು ಮಕ್ಕಳು ಅವತ್ತು ಕಲಿತರು. ದೊಡ್ಡವರೂ ತಮ್ಮ ತಪ್ಪನ್ನು ಸರಿಮಾಡಿಕೊಳ್ಳುತ್ತಾರೆ ಅನ್ನುವ ಪಾಠ. ಇಂಥ ಕೆಲಸವನ್ನು ಒಬ್ಬ ಮೇಡಂ ಹೆಗಲಿಗೆ ಹಾಕಿ ಊರು ಸುಮ್ಮನಿರಬಾರದು. ಅವರು ವರ್ಗವಾಗಿ ಹೋದರೆ ಆ ಮೂಲೆಯಲ್ಲಿ ಹಳೆಯ ಪಟ್ಟಿ ಮತ್ತೆ ಬರುವುದಕ್ಕೆ ಒಂದು ದಿನ ಸಾಕು.

ಹಾಗಾಗಿ ನಿಮಗೊಂದು ಮಾತು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಬಣ್ಣ, ಬೋರ್‌ವೆಲ್ ವಿಷಯ ಮುಗಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ. ಮೇಷ್ಟ್ರು ಇಲ್ಲದಾಗ ಬೋರ್ಡಿನ ಮೇಲೆ ಏನು ಬರೆಯುತ್ತಾರೆ? ಊಟಕ್ಕೆ ಯಾರ ಪಕ್ಕ ಯಾರು ಕೂರುತ್ತಾರೆ? ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ಬರೀ ಸ್ವಾಗತಗೀತೆ ಹಾಡಲು ಕಳಿಸಬೇಡಿ, ಅವರ ಮಾತು ಹೇಳಲು ಕಳಿಸಿ. ಯಾವುದಾದರೂ ಮಗುವಿಗೆ ಹೊಡೆತ, ಹಿಂಸೆ ಆಗುತ್ತಿದೆ ಅಂತ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ. ಮಗುವೂ ಮಾಡಬಹುದು, ನೀವೂ ಮಾಡಬಹುದು.

ಮನೆಯಲ್ಲಿ ಮಾಡುವುದು ಇನ್ನೂ ಸುಲಭ. ಸಂಜೆ ಮಗು ಬ್ಯಾಗು ಇಳಿಸಿದ ಕೂಡಲೇ ‘ಎಷ್ಟು ಮಾರ್ಕ್ಸು’ ಅಂತ ಕೇಳುತ್ತೇವಲ್ಲ, ಅದರ ಮುಂಚೆ ‘ಇವತ್ತು ಯಾರ ಜೊತೆ ಕೂತು ಊಟ ಮಾಡಿದೆ?’ ಅಂತ ಕೇಳಿ ನೋಡಿ. ಉತ್ತರ ಬರುವುದು ತಡವಾದರೆ ಕಾಯಿರಿ.